ಗುಡಿಸಿಟ್ಟ ಓಣಿಯನ್ನು ಖಾಲಿ ಎಂದು ಬರೆದವರಿಗೆ

ಮಾನ್ಯರೇ,

ನಗರ ಯೋಜನಾ ಕಚೇರಿಯ ಮುಖ್ಯಸ್ಥರಾದ ತಾವು ನಮ್ಮ ಓಣಿಯನ್ನು ಇದ್ದೂ ಇಲ್ಲದಂತೆ ಮಾಡಿದ್ದೀರಿ. ತಾವು ಓದಿದವರು, ಆದ್ದರಿಂದ ಮಾತು ಇಷ್ಟು ಒರಟಾಗಿಲ್ಲ. 'ಬಳಕೆಯಲ್ಲಿಲ್ಲದ ಸ್ಥಳ' ಎಂದು ಬರೆಸಿದ್ದೀರಿ. ಪುನರಭಿವೃದ್ಧಿ ಯೋಜನೆಯ ದೊಡ್ಡ ನಕ್ಷೆಯಲ್ಲಿ ಮನೆಗಳಿಗೆ ಹಳದಿ, ಅಂಗಡಿಗಳಿಗೆ ಕೆಂಪು, ಉದ್ಯಾನಗಳಿಗೆ ಹಸಿರು ಬಳಿಸಿ, ನಮ್ಮ ಪಾಲಿಗೆ ಬೂದಿ ಬಣ್ಣವನ್ನು ಉಳಿಸಿದ್ದೀರಿ. ಆ ಬೂದಿಯ ಮೇಲೆ ಕಾರುಗಳನ್ನು ನಿಲ್ಲಿಸುವ ಬಹುಮಹಡಿ ಕಟ್ಟಡ ಏಳುತ್ತದಂತೆ. 'ಅಲ್ಲಿ ಇರಬಹುದಾದ ಕೆಲವು ನಿವಾಸಿಗಳನ್ನು' ಊರಾಚೆ ಹಳೆಯ ಇಟ್ಟಿಗೆ ಗೂಡುಗಳ ಬಳಿ ಕಟ್ಟಿರುವ ವಸತಿ ಸಮುಚ್ಚಯಕ್ಕೆ ಸಾಗಿಸಲಾಗುತ್ತದಂತೆ. ಇರಬಹುದಾದ ಎಂಬುದೂ ತಮ್ಮದೇ ಮಾತು, ಸಾಗಿಸುವುದು ಎಂಬುದೂ ತಮ್ಮದೇ ಮಾತು. ಮರಳು ಜಲ್ಲಿಗಳ ಜೊತೆ ಬಳಸಿ ಬಳಸಿ ನಾಲಿಗೆಗೆ ಅಭ್ಯಾಸವಾಗಿಬಿಟ್ಟಿರಬೇಕು. ಅಂತಿಮ ಒಪ್ಪಿಗೆಯ ಸಭೆ ಈ ತಿಂಗಳೇ ಇದೆ ಎಂದು ತಿಳಿಯಿತು. ಅದಕ್ಕೆ ಮೊದಲು ಊರಿನವರೆಲ್ಲ ಓದಲಿ ಎಂದು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ಓಣಿಯನ್ನು ತೋರಿಸುತ್ತೇನೆ. ತಾವು ನೋಡಿಲ್ಲ ಎನ್ನುವಂತಿಲ್ಲ, 'ಸ್ಥಳ ಪರಿಶೀಲನೆ ನಡೆಸಲಾಯಿತು' ಎಂದು ವರದಿಯಲ್ಲಿದೆ. ಆದರೂ ಇನ್ನೊಮ್ಮೆ ನೋಡಿ. ಹಿಟ್ಟಿನ ಗಿರಣಿಯ ಮಗ್ಗುಲಲ್ಲಿ ಶುರುವಾಗಿ ಶಾಲೆಯ ಹಿಂಗೋಡೆಗೆ ಹೋಗಿ ಮುಟ್ಟುವ, ನಡುವೆ ಎಲ್ಲೂ ಸೊಟ್ಟಗಾಗದ ಉದ್ದನೆಯ ಓಣಿ. ಎರಡೂ ಬದಿಗೆ ಭುಜಕ್ಕೆ ಭುಜ ತಾಗಿಸಿ ನಿಂತ ಮನೆಗಳು. ನಮ್ಮದು ಹಗ್ಗ ಹೊಸೆಯುವ ಕಸುಬು. ಕಮ್ಮಾರನಿಗೆ ಕುಲುಮೆ ಇದ್ದ ಹಾಗೆ ನಮಗೆ ಓಣಿ. ಗಿರಣಿಯ ಕಡೆಯ ತುದಿಯಲ್ಲಿ ಕೊಕ್ಕೆಗಳಿರುವ ರಾಟೆ, ಶಾಲೆಯ ಕಡೆಯ ತುದಿಯಲ್ಲಿ ತಿರುಗುವ ಒಂಟಿ ಕೊಕ್ಕೆ, ನಡುವೆ ಎಳೆಗಳು ನೆಲಕ್ಕೆ ತಾಗದಂತೆ ಹೊತ್ತು ನಿಲ್ಲುವ ಗೂಟಗಳು. ನಾರಿನ ಎಳೆಗಳನ್ನು ಈ ತುದಿಯಿಂದ ಆ ತುದಿಗೆ ಕಟ್ಟಿ ರಾಟೆ ತಿರುಗಿಸಿದರೆ ಎಳೆಗಳಲ್ಲಿ ಹುರಿ ಏರುತ್ತದೆ, ಆಮೇಲೆ ಅವು ಒಂದನ್ನೊಂದು ತಬ್ಬಿಕೊಂಡು ಹಗ್ಗವಾಗುತ್ತವೆ. ಓಣಿ ಮೊಟಕಾದರೆ ಹಗ್ಗ ಮೊಟಕು. ಎತ್ತರದ ಗೋಡೆಗಳಿಗೆ ಬಣ್ಣ ಹೊಡೆಯುವವರು, ಬಾವಿಗೆ ಇಳಿಯುವವರು, ಲಾರಿಗೆ ಸಾಮಾನು ಬಿಗಿಯುವವರು ನಮ್ಮಲ್ಲಿಗೆ ಬರುವುದು ನಡುವೆ ಗಂಟಿಲ್ಲದ ಉದ್ದ ಹಗ್ಗ ಬೇಕೆಂದು. ಗಂಟು ಹಾಕಿ ಉದ್ದ ಮಾಡಿದ ಹಗ್ಗಕ್ಕೆ ಜೋತುಬಿದ್ದು ಗೋಡೆಗೆ ಬಣ್ಣ ಬಳಿಯಲು ತಾವು ಒಪ್ಪುವಿರಾದರೆ ನಮ್ಮ ತಕರಾರೇನೂ ಇಲ್ಲ.

ರಾಟೆ ತಿರುಗಿಸುವವಳು ನಮ್ಮಕ್ಕ. ಇನ್ನೊಂದು ತುದಿಯ ಕೊಕ್ಕೆ ನೋಡಿಕೊಳ್ಳುವವಳು ಅಕ್ಕನ ನಾದಿನಿ. ನಡುವೆ, ಎಳೆಗೊಂದರಂತೆ ಮೂರು ಕಚ್ಚುಗಳಿರುವ ಮರದ ತುಂಡು ಹಿಡಿದು, ಎಳೆಗಳು ಸಮನಾಗಿ ಕೂಡುವಂತೆ ನೋಡುತ್ತಾ ಹಿಂದೆ ಹಿಂದಕ್ಕೆ ನಡೆಯುವವನು ನಾನು. ಹಳ್ಳಿಯಿಂದ ಅಕ್ಕನನ್ನು ನೋಡಿಕೊಂಡು ಹೋಗೋಣ ಎಂದು ಬಂದಿದ್ದೆ. ಭಾವ ಆ ಮರದ ತುಂಡನ್ನು ನನ್ನ ಕೈಗಿಟ್ಟು, "ಹಿಡ್ಕೊಂಡಿರು, ಈಗ ಬಂದೆ" ಎಂದು ಹೋದರು. ಇನ್ನೂ ಹಿಡಿದುಕೊಂಡೇ ಇದ್ದೇನೆ. ಭಾವ ತೀರಿಕೊಂಡು ಬಹಳ ವರ್ಷಗಳಾದವು. ಅವರ ರೇಡಿಯೋ ಯಾರ ಮನೆಯಲ್ಲಿರಬೇಕು ಎಂಬ ವಿಷಯಕ್ಕೆ ಅತ್ತಿಗೆ ನಾದಿನಿಯರ ನಡುವೆ ಮಾತು ನಿಂತಿತು. ರೇಡಿಯೋ ಕೆಟ್ಟು ಗುಜರಿಗೆ ಹೋಯಿತು, ಮಾತು ಮಾತ್ರ ರಿಪೇರಿಯಾಗಲಿಲ್ಲ. ಆದರೂ ದಿನಾ ಬೆಳಿಗ್ಗೆ ಇಬ್ಬರೂ ತಮ್ಮ ತಮ್ಮ ತುದಿಗೆ ಬಂದು ನಿಲ್ಲುತ್ತಾರೆ. ಎಳೆಯನ್ನು ಒಮ್ಮೆ ಜಗ್ಗಿದರೆ ನಿಲ್ಲಿಸು, ಎರಡು ಸಲ ಜಗ್ಗಿದರೆ ಶುರುಮಾಡು. ಅದಕ್ಕಿಂತ ಹೆಚ್ಚಿನ ಮಾತಿದ್ದರೆ ನಡುವೆ ನಾನಿದ್ದೇನೆ.

"ಆ ತುದಿಯವಳಿಗೆ ಹೇಳೋ, ಇವತ್ತು ಕೈ ಸಡಿಲ ಬಿಡ್ತಿದ್ದಾಳೆ ಅಂತ" ಎನ್ನುತ್ತಾಳೆ ಅಕ್ಕ.

ನಾನು ಹೋಗಿ ಹೇಳುತ್ತೇನೆ. "ನಿಮ್ಮಕ್ಕನಿಗೆ ಹೇಳಿ, ರಾಟೆಗೆ ಎರಡು ಹನಿ ಎಣ್ಣೆ ಬಿಡಲಿ, ನನ್ನ ಕೈ ತಾನಾಗೇ ಬಿಗಿಯಾಗುತ್ತೆ ಅಂತ" ಎನ್ನುತ್ತಾಳೆ ನಾದಿನಿ.

ಓಣಿ ಅಷ್ಟು ಉದ್ದವಿರುವುದರಿಂದಲೇ ಆ ಸಂಸಾರ ಒಡೆಯದೆ ಉಳಿದಿದೆ, ಮಾನ್ಯರೇ. ಇಂಥದ್ದಕ್ಕೆ ತಮ್ಮ ನಕ್ಷೆಯಲ್ಲಿ ಯಾವ ಬಣ್ಣ?

ಇನ್ನು ಆ ದಿನದ ಕತೆ. ತಮ್ಮವರು ಸಮೀಕ್ಷೆಗೆ ಬರುತ್ತಾರೆಂದು ವಾರ್ಡಿನ ಸದಸ್ಯರು ಹಿಂದಿನ ದಿನವೇ ಹೇಳಿಕಳಿಸಿದರು. ನಾವು ಚಿಕ್ಕಂದಿನಲ್ಲಿ ಕೇಳಿದ ಕತೆಗಳಲ್ಲಿ ಪ್ರಜೆಗಳ ಕಷ್ಟಸುಖ ನೋಡಲು ಹೊರಟ ರಾಜರು ವೇಷ ಮರೆಸಿಕೊಂಡು ಬರುತ್ತಿದ್ದರು. ಮುಂಚಿನ ದಿನ ಡಂಗುರ ಹೊಡೆಸಿ, ಮರುದಿನ ಬಂದು, ಪ್ರಜೆಗಳೆಲ್ಲ ಹೀಗೇ ಇರುತ್ತಾರೆ ಎಂದು ನಂಬಿ ಹಿಂದಿರುಗಿದ ರಾಜ ಯಾವ ಕತೆಯಲ್ಲೂ ಇಲ್ಲ. ಇದ್ದಿದ್ದರೆ ಮಕ್ಕಳು ನಕ್ಕು ನಕ್ಕು ನಿದ್ದೆ ಮಾಡುತ್ತಿರಲಿಲ್ಲ. ತಾವು ಡಂಗುರ ಹೊಡೆಸಿದಿರಿ. ಮನೆಗೆ ದೊಡ್ಡವರು ಬರುತ್ತಾರೆ ಎಂದರೆ ಮರ್ಯಾದೆಯುಳ್ಳವರು ಏನು ಮಾಡುತ್ತಾರೋ ಅದನ್ನೇ ನಾವು ಮಾಡಿದೆವು. ಗುಡಿಸಿದೆವು.

ಮುಂದಾಳತ್ವ ನಮ್ಮಕ್ಕನದು. "ಓಣಿ ತುಂಬಾ ನಾರು, ಧೂಳು. ಆಫೀಸರು ಹಗ್ಗಕ್ಕೆ ಕಾಲು ತೊಡರಿ ಬಿದ್ದರೆ ಏನಂತ ಬರ್ಕೋತಾರೆ? ಗಲೀಜು ಅಂತ ಬರ್ಕೋತಾರೆ. ಗಲೀಜು ಅಂತ ಬರ್ಕೊಂಡ್ರೆ ಎಬ್ಬಿಸ್ತಾರೆ" ಎಂದಳು. ಅವಳ ಮಾತಿನಲ್ಲಿ ತಪ್ಪೇನಿತ್ತು? ಹಿಂದೊಮ್ಮೆ ಕೆರೆಯಂಚಿನ ಮನೆಗಳವರನ್ನು ಎಬ್ಬಿಸುವಾಗ ತಾವು ಹೇಳಿದ ಕಾರಣ ಅದೇ ತಾನೇ?

ಸೊಂಟಕ್ಕೆ ಸೆರಗು ಸಿಕ್ಕಿಸಿ ಹೆಂಗಸರೆಲ್ಲ ಬೀದಿಗಿಳಿದರು. ಗೂಟಗಳನ್ನು ಕಿತ್ತು, ಗುಂಡಿಗಳಿಗೆ ಮಣ್ಣು ತುಂಬಿ ಸಮಮಾಡಿದೆವು. ರಾಟೆ ಬಿಚ್ಚಿ ಮಂಚದ ಕೆಳಗೆ ತಳ್ಳಿದೆವು. ಸಿಂಬೆ ಸುತ್ತಿದ ಹಗ್ಗಗಳು ಅಟ್ಟ ಸೇರಿದವು, ಒಣಹಾಕಿದ್ದ ನಾರು ಹಿತ್ತಿಲಿಗೆ ಹೋಯಿತು, ಬಟ್ಟೆ ಒಣಗಿಸುವ ತಂತಿಗಳು ಇಳಿದವು. ಎದುರು ಮನೆಯಲ್ಲಿ ತಗಡಿನ ಡಬ್ಬಿ ಮಾಡುವವನಿದ್ದಾನೆ, ಸುತ್ತಿಗೆಯ ಸದ್ದಿಗೆ ಅವನನ್ನು ಎಲ್ಲರೂ ಗುಡುಗಣ್ಣ ಎನ್ನುತ್ತಾರೆ.

"ಒಂದಿನ ಸುಮ್ಮನಿರೋಕಾಗಲ್ವಾ ಗುಡುಗಣ್ಣ?" ಎಂದು ಅಕ್ಕ ಕೇಳಿದಳು.

"ನಾನು ಸುಮ್ಮನಾದ್ರೆ ನನ್ನ ಹೆಂಡತಿ ಹೆದರಿ ಡಾಕ್ಟರನ್ನ ಕರೀತಾಳೆ ಅಕ್ಕ."

"ಅವಳಿಗೆ ನಾನು ಹೇಳಿರ್ತೀನಿ. ನೀನು ಮಲಗು."

ಮನೆಯೆದುರಿನ ಜಗಲಿಯ ಮೇಲೆ ಹಗಲೆಲ್ಲ ಕೂತು ಹೋಗುವವರನ್ನೂ ಬರುವವರನ್ನೂ ಮಾತಾಡಿಸುವ ಒಬ್ಬ ತಾತ ಇದ್ದಾರೆ. ಅವರನ್ನೂ ಇಬ್ಬರು ಹಿಡಿದು ಒಳಗೆ ಕೂರಿಸಿದೆವು. "ನನ್ನನ್ನೂ ಗುಡಿಸ್ತೀಯೇನೇ?" ಎಂದರು. "ಒಂದಿನ ತಾತ. ನಾಳೆ ತಂದು ಮತ್ತೆ ಅಲ್ಲೇ ಇಡ್ತೀನಿ" ಎಂದಳು ಅಕ್ಕ. ಮಕ್ಕಳನ್ನು ಅವರವರ ಅಜ್ಜಿ ಮನೆಗಳಿಗೆ ಅಟ್ಟಿದ್ದಾಯಿತು. ಬಾಗಿಲಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡುವುದು ಸಭ್ಯತೆಯಲ್ಲ ಎಂದು ಬಾಗಿಲುಗಳನ್ನೂ ಹಾಕಿಕೊಂಡೆವು. ನೀರು ಚಿಮುಕಿಸಿದ ಓಣಿ ಆ ಬೆಳಿಗ್ಗೆ ಹೇಗೆ ಕಾಣುತ್ತಿತ್ತು ಅಂತೀರಿ. ಒಂದು ಕಾಗೆ ಬಂದು ಕೂರಲೂ ನಾಚಿಕೊಂಡಿತು.

ತಮ್ಮವರು ಜೀಪಿನಲ್ಲಿ ಬಂದರು. ಮೂರು ಕಾಲಿನ ಯಂತ್ರವನ್ನು ನಡುಬೀದಿಯಲ್ಲಿ ನಿಲ್ಲಿಸಿದರು. ಬಾಗಿಲಿನ ಸಂದಿಗೆ ಕಿವಿಯಿಟ್ಟು ನಾವು ಕೇಳುತ್ತಿದ್ದೆವು.

"ಇಲ್ಲಿ ಯಾರೂ ಇಲ್ವಾ?" ಎಂದ ಒಬ್ಬ.

"ಇದ್ದಂಗೆ ಕಾಣಲ್ಲ. ಒಳ್ಳೇದಾಯ್ತು ಬಿಡಿ, ಬೇಗ ಮುಗಿಯುತ್ತೆ" ಎಂದ ಇನ್ನೊಬ್ಬ.

ನಾನು ಚಿಲಕಕ್ಕೆ ಕೈ ಹಾಕಿದೆ. ಅಕ್ಕ ಮುಂಗೈ ಹಿಡಿದಳು. "ಸುಮ್ನಿರೋ. ಕೆಲಸದ ಮೇಲೆ ಬಂದಿದ್ದಾರೆ, ಅಡ್ಡ ಹೋಗಬಾರದು. ಮುಗಿಸಿ ಅವರೇ ಬಾಗಿಲು ತಟ್ತಾರೆ. ಆಗ ಟೀ ಕೊಡೋಣ." ಟೀ ಫ್ಲಾಸ್ಕಿನಲ್ಲಿತ್ತು, ಮನೆಯಲ್ಲಿದ್ದ ಒಳ್ಳೆಯ ಕಪ್ಪುಗಳನ್ನು ಒರೆಸಿ ತಟ್ಟೆಯಲ್ಲಿಟ್ಟಿದ್ದಳು. ಓಣಿಯಲ್ಲಿ ಎಷ್ಟು ಬಾಗಿಲುಗಳಿವೆಯೋ ಅಷ್ಟೂ ಬಾಗಿಲುಗಳ ಹಿಂದೆ ಜನ ಉಸಿರು ಬಿಗಿಹಿಡಿದು, ಯಾರು ಮೊದಲು ತಟ್ಟಿಸಿಕೊಳ್ಳುತ್ತಾರೋ ಎಂದು ಕಾಯುತ್ತಿದ್ದರು. ಜೀಪು ಹೊರಟ ಸದ್ದು ಕೇಳಿಸಿತು.

ಒಂದು ಬಾಗಿಲು, ಮಾನ್ಯರೇ. ಯಾವುದಾದರೂ ಒಂದು. ಚಂದಾ ಕೇಳುವವರು ತಟ್ಟುತ್ತಾರೆ, ಓಟು ಕೇಳುವವರು ತಟ್ಟುತ್ತಾರೆ, ದಾರಿ ತಪ್ಪಿದವರು ತಟ್ಟುತ್ತಾರೆ. ಒಂದು ಊರನ್ನು ಹೊಸದಾಗಿ ಕಟ್ಟಲು ಹೊರಟವರಿಗೆ ಬೆರಳು ಮಡಚಿ ಒಮ್ಮೆ ಮರದ ಮೇಲೆ ಬಡಿಯುವುದು ಅಷ್ಟು ಕಷ್ಟದ ಕೆಲಸವೇ? ಅದಕ್ಕೂ ಟೆಂಡರ್ ಕರೆಯಬೇಕಿತ್ತೇ?

ಆಮೇಲೆ ಪುರಭವನದಲ್ಲಿ ಯೋಜನೆಯ ಪ್ರದರ್ಶನ ಇಟ್ಟಿರಿ. ಓಣಿಯವರೆಲ್ಲ ಒಳ್ಳೆಯ ಬಟ್ಟೆ ತೊಟ್ಟು ಹೋದೆವು. ಎಲ್ಲ ಬಡಾವಣೆಗಳ ಫೋಟೋಗಳನ್ನೂ ಸಾಲಾಗಿ ತೂಗುಹಾಕಿದ್ದಿರಿ. ನಮ್ಮ ಓಣಿಯ ಫೋಟೋದ ಮುಂದೆ ಅಕ್ಕ ನಿಂತುಬಿಟ್ಟಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

"ಎಷ್ಟು ಚೆನ್ನಾಗಿ ಬಂದಿದೆ ನೋಡೋ. ಒಂದು ಎಳೆ ನಾರು ಕಾಣಲ್ಲ. ಕೆಳಗೆ ಏನು ಬರೆದಿದ್ದಾರೆ, ಓದು."

ಓದಿದೆ. 'ಸದ್ಯದ ಸ್ಥಿತಿ: ಬಳಕೆಯಲ್ಲಿಲ್ಲ. ಹೆಚ್ಚಿನ ಮನೆಗಳು ಮುಚ್ಚಿವೆ.'

"ಅದು ಬೇರೆ ಫೋಟೋದ ಕೆಳಗೆ ಹಾಕಬೇಕಾಗಿದ್ದ ಚೀಟಿ ಇರಬೇಕು" ಎಂದಳು. ಪಕ್ಕದಲ್ಲಿ ನಿಂತಿದ್ದ ತಮ್ಮ ಕಚೇರಿಯ ಹುಡುಗಿ, ಕೊರಳಲ್ಲಿ ಗುರುತಿನ ಪಟ್ಟಿ ಹಾಕಿಕೊಂಡಿದ್ದವಳು, ಮೆತ್ತಗೆ ಹೇಳಿದಳು: "ಇಲ್ಲಮ್ಮ, ಇದರದ್ದೇ." ಅಕ್ಕ ಫೋಟೋವನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ಅವಳು ಪುರಭವನದಲ್ಲಿ ಬೇರೆ ಏನನ್ನೂ ನೋಡಲಿಲ್ಲ.

ಬೇರೆಯದನ್ನು ನಾನು ನೋಡಿದೆ. ನಮ್ಮ ಪಕ್ಕದ ಓಣಿಯ ಫೋಟೋ. ಸಮೀಕ್ಷೆಯ ಸುದ್ದಿ ಅವರಿಗೂ ಬಂದಿತ್ತು, ಆದರೆ ಅವರು ಪೊರಕೆ ಮುಟ್ಟುವ ಜನ ಅಲ್ಲ. ತಮ್ಮವರು ಹೋದಾಗ ಅಲ್ಲಿ ಯಾರದೋ ಬಾಗಿಲಿಗೆ ಅಡ್ಡವಾಗಿ ಯಾರೋ ಬೈಕು ನಿಲ್ಲಿಸಿದ್ದರು, ಎರಡು ಮನೆಯವರು ಬೀದಿಗಿಳಿದು ಒಬ್ಬರ ವಂಶವನ್ನು ಇನ್ನೊಬ್ಬರು ಜಾಲಾಡುತ್ತಿದ್ದರು, ಕಸದ ಗುಡ್ಡೆಯ ಮೇಲೆ ನಿಂತ ಮೇಕೆ ತಮ್ಮ ಸಿಬ್ಬಂದಿಯೊಬ್ಬರ ಟೋಪಿಯ ಅಂಚು ತಿನ್ನಲು ನೋಡಿತ್ತು. ಆ ಓಣಿಗೆ ತಾವು ಬರೆಸಿದ್ದು: 'ಜೀವಂತಿಕೆಯಿಂದ ಕೂಡಿದ ಬೀದಿ. ಸಂರಕ್ಷಣೆಗೆ ಅರ್ಹ.' ಅಲ್ಲಿ ಹಸಿರು ಬಳಿದು ಕಲ್ಲುಬೆಂಚುಗಳನ್ನೂ ಹಾಕಿಸಿಕೊಡುತ್ತೀರಂತೆ. ಸಂತೋಷ. ಆ ಓಣಿಯ ಕ್ಷೌರಿಕ ಅಂದಿನಿಂದ ಅಕ್ಕ ಕಂಡಾಗಲೆಲ್ಲ ಅಂಗಡಿಯಿಂದಲೇ ಕೂಗುತ್ತಾನೆ: "ಅಕ್ಕಾ, ನಮ್ಮ ಕಡೆಯಿಂದ ಒಂದು ಬುಟ್ಟಿ ಕಸ ತಗೊಂಡು ಹೋಗಿ. ನಕ್ಷೆಗೆ ಬೇಕಾಗುತ್ತೆ."

ತಕರಾರು ಕೊಡುವ ಮೊದಲು ಹೊಸ ಮನೆಗಳನ್ನು ನೋಡಿಕೊಂಡು ಬನ್ನಿ ಎಂದು ತಮ್ಮ ಕಚೇರಿಯಲ್ಲಿ ಹೇಳಿದರು. ಹೋಗಿ ನೋಡಿದೆವು. ನಾಲ್ಕು ಮಹಡಿ, ಗೋಡೆಗೆ ಹೊಸ ಬಣ್ಣ, ನಲ್ಲಿಯಲ್ಲಿ ನೀರು. ಇಲ್ಲದ್ದನ್ನು ಹೇಳಬಾರದು, ನೀರು ನಮ್ಮ ಓಣಿಗಿಂತ ಚೆನ್ನಾಗಿ ಬರುತ್ತದೆ. ಒಂದೇ ಕುಟುಂಬದವರು ಹತ್ತಿರ ಇರಲಿ ಎಂಬ ಕರುಣೆಯಿಂದ ಅಕ್ಕನಿಗೂ ಅವಳ ನಾದಿನಿಗೂ ಅಕ್ಕಪಕ್ಕದ ಮನೆ ಕೊಟ್ಟಿದ್ದೀರಿ. ನಡುವೆ ಒಂದೇ ಗೋಡೆ, ಬಟ್ಟೆ ಒಣಗಿಸಲು ಇಬ್ಬರಿಗೂ ಸೇರಿ ಒಂದೇ ಬಾಲ್ಕನಿ.

"ಈ ಗೋಡೆ ಎಷ್ಟು ದಪ್ಪ ಅಂತ ಕೇಳೋ" ಎಂದಳು ಅಕ್ಕ.

"ನಿಮ್ಮಕ್ಕ ಉಸಿರಾಡೋದು ಕೇಳ್ತಿದೆ, ಇನ್ನೂ ಸ್ವಲ್ಪ ದಪ್ಪ ಮಾಡೋಕಾಗುತ್ತಾ ಅಂತಲೂ ಕೇಳಿ" ಎಂದಳು ನಾದಿನಿ.

ಮನೆಯೊಳಗೆ ಹಗ್ಗ ಹೊಸೆಯಲಾಗದಿದ್ದರೆ ಹೊರಗಿನ ಉದ್ದ ಮೊಗಸಾಲೆಯಲ್ಲಿ ಹೊಸೆಯಬಹುದು ಎಂದು ತಮ್ಮ ಕಚೇರಿಯವರು ಹೇಳಿದ್ದರಲ್ಲ, ಅದನ್ನೂ ಪರೀಕ್ಷಿಸಿದೆವು. ಅಕ್ಕ ಈ ತುದಿಯ ಕಿಟಕಿಯ ಸರಳಿಗೆ ಒಂದು ದಾರ ಕಟ್ಟಿದಳು. ಉಂಡೆಯನ್ನು ಬಿಚ್ಚುತ್ತಾ ನಾದಿನಿ ಹೊರಟಳು. ನಾಲ್ಕು ಬಾಗಿಲು ದಾಟುತ್ತಿದ್ದಂತೆ ಮೊಗಸಾಲೆ ಮೆಟ್ಟಿಲಿನ ಕಡೆ ತಿರುಗಿತು, ನಾದಿನಿ ಮೂಲೆಯಲ್ಲಿ ಮರೆಯಾದಳು. ಅಕ್ಕ ಒಮ್ಮೆ ಜಗ್ಗಿದಳು. ದಾರ ಯಾರದೋ ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಿತ್ತು. ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡೇ ಒಬ್ಬಾತ ಹೊರಗೆ ಬಂದ.

"ಯಾರಮ್ಮ, ನನ್ನ ಬಾಗಿಲನ್ನ ಎಳೀತಿರೋದು?"

ಹೇಳಿದೆವು. ಅವನು ನಗಲಿಲ್ಲ. ಬಾಯಿ ತೊಳೆದುಕೊಂಡು ಬಂದು ನಮ್ಮ ಜೊತೆ ನಿಂತ. ರೈಲು ನಿಲ್ದಾಣದ ಹಿಂದಿನ ಕೇರಿಯಿಂದ ಹೋದ ವರ್ಷವೇ ತಾವು ಸಾಗಿಸಿದವನಂತೆ, ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಿದ್ದನಂತೆ. "ಗಾಡಿ ಕೆಳಗೆ ನಿಲ್ಲಿಸಿದ್ದೆ. ಎರಡೇ ದಿನಕ್ಕೆ ಚಕ್ರ ಕಳಚಿಕೊಂಡು ಹೋದ್ರು. ಮೇಲೆ ತರೋಣ ಅಂದ್ರೆ ಮೆಟ್ಟಿಲು ತಿರುವಲ್ಲಿ ತಿರುಗಲ್ಲ ಅದು" ಎಂದ. "ಈಗ ಏನು ಮಾಡ್ತೀಯಪ್ಪ?" ಎಂದು ಅಕ್ಕ ಕೇಳಿದಳು. "ನೀರು ಚೆನ್ನಾಗಿ ಬರುತ್ತಮ್ಮ" ಎಂದ. ಅಕ್ಕ ದಾರವನ್ನು ಬಿಚ್ಚಿ ಉಂಡೆ ಸುತ್ತತೊಡಗಿದಳು. ಬಸ್ಸಿನಲ್ಲಿ ಹಿಂದಿರುಗುವಾಗಲೂ ಅದನ್ನೇ ಸುತ್ತುತ್ತಿದ್ದಳು, ಸುತ್ತುವುದು ಮುಗಿದ ಮೇಲೂ.

ತಕರಾರುಗಳ ವಿಚಾರಣೆಯಲ್ಲಿ ತಾವೇ ಕುಳಿತಿದ್ದಿರಿ. ತಮಗೆ ನೆನಪಿರಲಾರದು, ನನಗೆ ಒಂದೊಂದು ಅಕ್ಷರವೂ ನೆನಪಿದೆ.

"ಸಮೀಕ್ಷೆಗೆ ಬರ್ತೀವಿ ಅಂತ ಮೊದಲೇ ತಿಳಿಸಿದ್ವಲ್ಲ. ಆಗ ಯಾಕೆ ಹೊರಗೆ ಬರಲಿಲ್ಲ?" ಎಂದಿರಿ.

"ತಾವು ಕರೀಲಿಲ್ಲ ಸಾರ್" ಎಂದಳು ಅಕ್ಕ.

"ನಿಮ್ಮನ್ನ ಮನೆಮನೆಗೆ ಬಂದು ಕರೀಬೇಕಾ?"

"ನಮ್ಮ ಮನೆ ಮುಂದೇನೇ ನಿಂತಿದ್ರಲ್ಲ ಸಾರ್."

ಹಿಂದೆ ಕೂತಿದ್ದವರು ನಕ್ಕರು. ತಾವು ನಗಲಿಲ್ಲ. ಮರುಸಮೀಕ್ಷೆಗೆ ಅವಕಾಶವಿಲ್ಲ, ಫೋಟೋ ಇದೆ, ಅದು ಸುಳ್ಳು ಹೇಳುವುದಿಲ್ಲ ಎಂದಿರಿ. ಹಗ್ಗ ಈಗ ಕಾರ್ಖಾನೆಯಲ್ಲೂ ತಯಾರಾಗುತ್ತದೆ ಎಂದು ನಮಗೇ ತಿಳಿಸಿಕೊಟ್ಟಿರಿ. ಅಭಿವೃದ್ಧಿ ಎಂದರೆ ಎಲ್ಲರೂ ಒಂದೊಂದು ಹೆಜ್ಜೆ ಮುಂದಕ್ಕೆ ಇಡುವುದು ಎಂದು ನನ್ನನ್ನು ನೋಡಿ ಹೇಳಿದಿರಿ. ನಾನು ಇಡೀ ಆಯುಸ್ಸು ಹಿಂದಕ್ಕೆ ನಡೆದು ಅನ್ನ ತಿಂದವನು. ಹಿಂದಕ್ಕೆ ನಡೆಯುವವನಿಗೆ ಒಂದು ಅನುಕೂಲವಿದೆ, ಮಾನ್ಯರೇ. ತಾನು ಮಾಡಿದ್ದು ಏನಾಗಿದೆ ಎಂಬುದು ಅವನಿಗೆ ಸದಾ ಕಣ್ಣೆದುರೇ ಇರುತ್ತದೆ. ತಮ್ಮದು ಮುಂದಕ್ಕೇ ನಡಿಗೆ. ಕೆರೆಯಂಚು ಏನಾಯಿತು, ನಿಲ್ದಾಣದ ಹಿಂದಿನ ಕೇರಿ ಏನಾಯಿತು, ಆ ಹಣ್ಣಿನವನು ಬ್ರಷ್ ಬಾಯಲ್ಲಿಟ್ಟುಕೊಂಡು ಹಗಲಲ್ಲಿ ಮನೆಯಲ್ಲೇಕೆ ಇರುತ್ತಾನೆ, ಇವೆಲ್ಲ ತಮ್ಮ ಬೆನ್ನ ಹಿಂದೆ ಉಳಿದವು.

ಹೊರಗೆ ಬಂದಾಗ ತಮ್ಮ ಗೇಟಿಗೆ 'ನಾಳಿನ ನಗರ' ಎಂಬ ಬ್ಯಾನರು ಕಟ್ಟಿದ್ದರು. ನಾದಿನಿ ಅದರ ಕೆಳಗೆ ನಿಂತು ಮೇಲೆ ನೋಡಿದಳು. ನನ್ನ ಕಡೆ ತಿರುಗಲಿಲ್ಲ, ನೇರವಾಗಿ ಅಕ್ಕನಿಗೇ ಹೇಳಿದಳು:

"ಅತ್ತಿಗೆ, ಕಟ್ಟಿರೋದು ನಮ್ಮ ಹಗ್ಗದಲ್ಲಿ."

ಅಕ್ಕ ಹತ್ತಿರ ಹೋಗಿ ಕೈಚಾಚಿ ಹಗ್ಗದ ತುದಿಯನ್ನು ಹಿಡಿದು ನೋಡಿದಳು. "ಹೂಂ ಕಣೇ, ನಮ್ಮದೇ. ನಾಳಿನ ನಗರವಂತೆ, ಕಟ್ಟಿರೋ ಗಂಟು ನೋಡು" ಎಂದಳು. ಇಬ್ಬರೂ ಬಸ್ ನಿಲ್ದಾಣದವರೆಗೂ, ಮಾನ್ಯರೇ, ತಮ್ಮನ್ನು ಬೈದುಕೊಂಡು ಹೋದರು. ನಡುವೆ ನನಗೆ ಕೆಲಸವೇ ಇರಲಿಲ್ಲ. ತಮ್ಮ ಯೋಜನೆಯಿಂದ ಈವರೆಗೆ ಆಗಿರುವ ಒಂದೇ ಒಂದು ಒಳ್ಳೆಯ ಕೆಲಸ ಇದು. ಸಾಧನೆಗಳ ಪುಟದಲ್ಲಿ ಸೇರಿಸಿಕೊಳ್ಳಬಹುದು.

ಇಲ್ಲಿಯವರೆಗೆ ನಗುತ್ತಾ ಬರೆದೆ. ಇನ್ನು ಮುಂದಿನದಕ್ಕೆ ನಗು ಬರುವುದಿಲ್ಲ. ಓಣಿಯವರು ತಮ್ಮನ್ನು ಬಯ್ಯಲು ತಮ್ಮ ಕಚೇರಿ ದೂರ, ಬಾಗಿಲಲ್ಲಿ ಕಾವಲುಗಾರ. ಅಕ್ಕನ ಮನೆ ಹತ್ತಿರ. "ನಿನ್ನ ಪೊರಕೆ ನಮ್ಮನೆಗಳನ್ನೇ ಗುಡಿಸಿಬಿಡ್ತಲ್ಲೇ" ಎಂದಳು ಒಬ್ಬಳು ನೀರು ಹಿಡಿಯುವಾಗ. ತಮಾಷೆಗೆ ಅಂದದ್ದೇ ಇರಬಹುದು. ಅಕ್ಕ ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದಳು. ಆ ಮಾರನೆಯ ದಿನದಿಂದ ಅವಳು ಮನೆಮುಂದೆ ಗುಡಿಸುವುದನ್ನು ಬಿಟ್ಟಳು. ಜ್ವರ ಬಂದಾಗಲೂ, ಭಾವ ತೀರಿಕೊಂಡ ವಾರವೂ ಬಿಡದಿದ್ದ ಕೆಲಸ ಅದು. ನಾನು ಪೊರಕೆ ಹಿಡಿದರೆ ಕೈಯಿಂದ ಕಿತ್ತುಕೊಂಡು, "ಇರಲಿ ಬಿಡು, ಯಾರಾದರೂ ಬಂದು ನೋಡಿದರೆ ಮನುಷ್ಯರಿದ್ದಾರೆ ಅಂತ ಗೊತ್ತಾಗಲಿ" ಎನ್ನುತ್ತಾಳೆ. ನಾರಿನ ಚೂರು ಗಾಳಿಗೆ ಎದ್ದು ಹೊಸಿಲೊಳಗೆ ಬರುತ್ತದೆ, ಅದನ್ನು ನೋಡುತ್ತಾ ಕೂತಿರುತ್ತಾಳೆ. ಒಬ್ಬ ಹೆಂಗಸಿಗೆ ತನ್ನ ಅಚ್ಚುಕಟ್ಟುತನವೇ ಅಪರಾಧ ಎನಿಸುವಂತೆ ಮಾಡಿದ್ದೀರಿ. ಇದನ್ನು ಯಾವ ಕಾನೂನಿನ ಕೆಳಗೆ ಮಾಡಿದಿರಿ?

ನಿನ್ನೆ ಬೆಳಿಗ್ಗೆ ತಮ್ಮ ಗುತ್ತಿಗೆದಾರನ ಹಳದಿ ಯಂತ್ರ ಬಂತು. ಒಪ್ಪಿಗೆಯ ಸಭೆ ಇನ್ನೂ ಆಗಿಲ್ಲ, ಆದರೂ ಮಣ್ಣು ಪರೀಕ್ಷೆಗೆ ಗುಂಡಿ ತೋಡಬೇಕಂತೆ. ಆಗ ನಾವು ಒಂದು ಹಗ್ಗ ಹೊಸೆಯುವ ಕೆಲಸದ ನಡುವೆ ಇದ್ದೆವು. ಎಳೆಗಳು ಹುರಿ ಏರಿ ಬಿಗಿಯಾಗಿ ನಿಂತಿದ್ದವು, ನಾನು ಮರದ ತುಂಡು ಹಿಡಿದು ಅರ್ಧ ದಾರಿಗೆ ಬಂದಿದ್ದೆ. ಆ ಹೊತ್ತಿನಲ್ಲಿ ಯಾರೂ ತುದಿ ಬಿಡುವಂತಿಲ್ಲ. ಬಿಟ್ಟರೆ ಎಲ್ಲ ಸುರುಳಿ ಸುತ್ತಿಕೊಂಡು ಗೋಜಲಾಗುತ್ತದೆ, ಪಕ್ಕದಲ್ಲಿದ್ದವರ ಮುಖ ಮೂತಿ ನೋಡದೆ ಹೊಡೆಯುತ್ತದೆ.

ಯಂತ್ರದವನು ಮೇಲಿನಿಂದ ಬಗ್ಗಿ, "ಅಮ್ಮಾ, ಹಗ್ಗ ಸ್ವಲ್ಪ ಪಕ್ಕಕ್ಕೆ ತಗೀರಿ" ಎಂದ.

"ಆಗಲ್ಲಪ್ಪ, ಹುರಿ ಏರಿದೆ. ಇದು ಮುಗೀಲಿ" ಎಂದಳು ಅಕ್ಕ, ರಾಟೆ ನಿಲ್ಲಿಸದೆ.

"ಮುಗಿದ ಮೇಲೆ?"

"ಇನ್ನೊಂದು ಇದೆ."

ಅವನು ಎಂಜಿನ್ ಆರಿಸಿ, ಬೀಡಿ ಹಚ್ಚಿಕೊಂಡು, ಹಗ್ಗ ಕೂಡುವುದನ್ನು ನೋಡುತ್ತಾ ಕೂತ. ಜೊತೆಗೆ ಬಂದಿದ್ದ ಮೇಸ್ತ್ರಿ ಕೈಯಲ್ಲಿದ್ದ ನಕ್ಷೆಯನ್ನು ಬಿಡಿಸಿ ನೋಡಿದ, ಓಣಿಯನ್ನು ನೋಡಿದ, ನಕ್ಷೆಯನ್ನು ತಿರುಗಿಸಿ ಹಿಡಿದು ಇನ್ನೊಮ್ಮೆ ನೋಡಿದ. ಕೊನೆಗೆ ತಮ್ಮ ಕಚೇರಿಗೆ ಫೋನು ಮಾಡಿದ. ನಾನು ಹಿಂದಕ್ಕೆ ನಡೆಯುತ್ತಾ ಅವನ ಪಕ್ಕಕ್ಕೇ ಬಂದಿದ್ದೆ. ಆದ್ದರಿಂದ ಅವನ ಕಡೆಯ ಮಾತಷ್ಟೂ ಕಿವಿಗೆ ಬಿತ್ತು.

"ಸಾರ್, ಇಲ್ಲಿ ಜನ ಇದ್ದಾರೆ."

ಆ ಕಡೆಯಿಂದ ಏನೋ ಹೇಳಿದರು.

"ಹೌದು ಸಾರ್, ನಕ್ಷೇಲಿ ಇಲ್ಲ. ಆದ್ರೆ ಇಲ್ಲಿ ಇದ್ದಾರೆ."

ಮತ್ತೇನೋ ಹೇಳಿದರು.

"ಸರಿಯಾಗೇ ನೋಡ್ತಿದ್ದೀನಿ ಸಾರ್. ಕೆಲಸ ಮಾಡ್ತಿದ್ದಾರೆ. ಒಬ್ಬಮ್ಮ ನನಗೆ ಟೀ ಬೇಕಾ ಅಂತ ಕೇಳ್ತಿದ್ದಾರೆ."

ಟೀ ಬೇಕಾ ಎಂದು ಕೇಳಿದವಳು ಅಕ್ಕ, ರಾಟೆಯ ಹತ್ತಿರದಿಂದಲೇ. ಆ ಹಗ್ಗ ಮುಗಿದ ಮೇಲೆ ಯಂತ್ರದವನೂ ಮೇಸ್ತ್ರಿಯೂ ಕುಡಿದು, ಯಂತ್ರವನ್ನು ಹಿಂದಕ್ಕೆ ತೆಗೆದುಕೊಂಡು ಹೋದರು. ಮತ್ತೆ ಬರುತ್ತಾರೆ, ಗೊತ್ತು. ಅವರ ಮೇಲೆ ನಮಗೆ ಸಿಟ್ಟಿಲ್ಲ, ಹೇಳಿದ ಕಡೆ ಹೋಗುವವರು ಅವರು. ಆದರೆ ಆ ಮೇಸ್ತ್ರಿ ಒಂದು ಫೋನಿನಲ್ಲಿ ಹೇಳಿದ ಮಾತನ್ನು ತಮ್ಮ ಇಡೀ ತಂಡ ಯಂತ್ರ, ಕ್ಯಾಮೆರಾ, ಜೀಪುಗಳ ಸಹಾಯದಿಂದಲೂ ಬರೆಯಲಾರದೆ ಹೋಯಿತು.

ಆದ್ದರಿಂದ ಬೇಡಿಕೆ ಇಷ್ಟೇ. ಅಂತಿಮ ಸಭೆಗೆ ಮೊದಲು ಹೇಳದೆ ಕೇಳದೆ ಒಂದು ಕೆಲಸದ ದಿನ ನಮ್ಮ ಓಣಿಗೆ ಬನ್ನಿ. ಸಿಬ್ಬಂದಿಯನ್ನು ಕಳಿಸಬೇಡಿ, ತಾವೇ ಬನ್ನಿ. ಆ ಬೂದಿ ಬಣ್ಣವನ್ನು ಒರೆಸಿ ಹಾಕಿ, 'ಬಳಕೆಯಲ್ಲಿಲ್ಲ' ಎಂಬುದನ್ನು ಹೊಡೆದು, ಅದರ ಜಾಗದಲ್ಲಿ ಆ ಮೇಸ್ತ್ರಿಯ ಮಾತನ್ನು ಹಾಗೆಯೇ ಬರೆಸಿ: ಇಲ್ಲಿ ಜನ ಇದ್ದಾರೆ. ಕಾರುಗಳಿಗೆ ಬೇರೆಲ್ಲಾದರೂ ಜಾಗ ಹುಡುಕಿ. ಅವುಗಳಿಗೆ ಚಕ್ರಗಳಿವೆ, ಹೋಗಬಲ್ಲವು. ಇನ್ನೊಂದು ಕೆಲಸ ಬಾಕಿ ಇದೆ, ಅದನ್ನು ಬರವಣಿಗೆಯಲ್ಲಿ ಮಾಡಲಾಗುವುದಿಲ್ಲ. ನಮ್ಮಕ್ಕ ಗಿರಣಿಯ ಕಡೆಯ ತುದಿಯಲ್ಲಿರುತ್ತಾಳೆ. ಓಣಿಯವರೆಲ್ಲ ಕೇಳುವಂತೆ, ತಪ್ಪು ನಿಮ್ಮದಲ್ಲಮ್ಮ, ನಮ್ಮದು ಎಂದು ಅವಳಿಗೆ ಹೇಳಿ. ಅವಳು ರಾಟೆ ನಿಲ್ಲಿಸುತ್ತಾಳೆ ಎಂದು ನಿರೀಕ್ಷಿಸಬೇಡಿ, ಜೋರಾಗಿಯೇ ಹೇಳಬೇಕಾಗುತ್ತದೆ.

ಇಂತಿ,
ತಮ್ಮ ವರದಿಯ ಪ್ರಕಾರ ಈ ಪತ್ರವನ್ನು ಬರೆದಿರಲಾರದ
ಒಬ್ಬ ಹಗ್ಗದವನು